ನಲವತ್ತೊಂದು ಕಿಲೋ ಕೊಸರು

ಸುಗ್ಗಿ ಮುಗಿದಿತ್ತು. ಊರಾಚೆಯ ಹೊಲಗಳಲ್ಲಿ ಕೂಳೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಒಣಗಾಳಿ ಬೆಳಗಾಗುವುದನ್ನೇ ಕಾದಿದ್ದಂತೆ ಎದ್ದು, ಹೊಟ್ಟನ್ನೂ ಧೂಳನ್ನೂ ಹೊತ್ತು ತಂದು ಬೀದಿಯ ಬಾಗಿಲು ಕಿಟಕಿಗಳ ಸಂದಿಗೆಲ್ಲ ತುರುಕುವ ಕಾಲ ಅದು. ಮೂಲೆಯಂಗಡಿಯಲ್ಲಿ ಮಾವ ಆಗಲೇ ಕೆಲಸಕ್ಕೆ ತೊಡಗಿದ್ದರು. ಒಂದೊಂದೇ ಮೂಟೆಯ ಬಾಯಿ ಬಿಚ್ಚಿ, ಅಂಚನ್ನು ಹೊರಕ್ಕೆ ಮಡಿಸಿ, ಕಾಳಿನ ಮೇಲೆ ಕೂತ ಹೊಟ್ಟನ್ನು ಬಾಯಿಂದ ಊದಿ, ಅಂಗೈಯಿಂದ ಸವರಿ ಗುಡ್ಡೆ ಮಾಡುತ್ತಿದ್ದರು. ಮೂಟೆ ಅರ್ಧ ಖಾಲಿಯಾಗಿದ್ದರೂ ಗಿರಾಕಿಯ ಕಣ್ಣಿಗೆ ಗುಡ್ಡೆ ಕಾಣಬೇಕು. ಅದಕ್ಕಾಗಿ ಅಂಚನ್ನು ಮತ್ತೆ ಮತ್ತೆ ಕೆಳಕ್ಕೆ ಮಡಿಸುತ್ತ ಹೋಗಬೇಕು. ಹದಿನಾರು ಮೂಟೆ ಇದ್ದ ಅಂಗಡಿಯಲ್ಲಿ ಈಗ ಒಂಬತ್ತು. ಆ ಒಂಬತ್ತರ ಅಂಚೂ ಮೊಣಕಾಲಿನವರೆಗೆ ಇಳಿದಿತ್ತು.

ಒಳಗಿನಿಂದ ಸೊಸೆ ಹಸಿರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದಳು. ಜೇಬಿನ ಮೇಲೆ ದೊಡ್ಡಂಗಡಿಯ ಗುರುತು ಹೊಲಿದಿತ್ತು. ಮನೆ ಅಂಗಡಿಯ ಬೆನ್ನಿಗೇ ಇತ್ತು. ಬೀದಿಗೆ ಹೋಗಬೇಕಾದರೆ ಒಂಬತ್ತು ಮೂಟೆಗಳ ನಡುವೆಯೇ ದಾಟಿ ಹೋಗಬೇಕು, ಇಲ್ಲವೇ ಹಿತ್ತಿಲಿನಿಂದ ಸುತ್ತಿ ಹೋಗಬೇಕು.

ಮೆಟ್ಟಿಲ ಮೇಲೆ ಕೂತು ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದ ಮೊಮ್ಮಗಳಿಗೆ ಮಾವ ತಲೆ ಎತ್ತದೆಯೇ ಹೇಳಿದರು: "ಪುಟ್ಟಿ, ನಿಮ್ಮಮ್ಮಂಗೆ ಹೇಳು, ಹಿತ್ತಿಲ ಕಡೆಯಿಂದ ಹೋಗು ಅಂತ. ಆ ಅಂಗಿ ಹಾಕ್ಕೊಂಡು ನನ್ನ ಅಂಗಡಿ ಮುಂದೆ ಇಳಿಯೋದು ಬೇಡ."

"ಅಮ್ಮ ಇಲ್ಲೇ ನಿಂತಿದಾಳಲ್ಲ ತಾತ. ಕೇಳಿಸಿರುತ್ತೆ."

"ಕೇಳಿಸಿದ್ರೂ ಹೇಳು."

"ಅಮ್ಮ, ಹಿತ್ತಿಲ ಕಡೆಯಿಂದ ಹೋಗ್ಬೇಕಂತೆ."

"ಆಯ್ತು ಅಂತ ಹೇಳು," ಎಂದಳು ಸೊಸೆ.

"ತಾತ, ಆಯ್ತಂತೆ."

ಅಡುಗೆಮನೆಯಿಂದ ಅತ್ತೆಯ ಸ್ವರ ಬಂತು: "ಈ ಮನೇಲಿ ಮಾತಿಗೂ ಒಂದು ಕೂಲಿ ಆಳು ಇಟ್ಕೊಂಡ ಹಾಗಾಯ್ತು. ಪುಟ್ಟಿ, ಸಂಬಳ ಕೇಳು ಇಬ್ಬರ ಹತ್ರನೂ."

ನಾಲ್ಕೂವರೆ ತಿಂಗಳಿಂದ ಹೀಗೇ ನಡೆದಿತ್ತು. ಹಳೆಯ ಅಕ್ಕಿ ಗಿರಣಿಯ ಬಯಲಿನಲ್ಲಿ ದೊಡ್ಡಂಗಡಿ ಎದ್ದ ವರ್ಷವೇ ಸೊಸೆಯ ಗಂಡ ಮೂಟೆ ಇಳಿಸುವಾಗ ಕಾಲು ಜಾರಿ ಬಿದ್ದು ಬೆನ್ನು ಕೆಡಿಸಿಕೊಂಡಿದ್ದ. ಈಗ ಅವನು ಕೂರಬಲ್ಲ, ಒಂದಿಷ್ಟು ನಡೆಯಬಲ್ಲ. ಒಂದು ಕೊಡ ನೀರು ಎತ್ತಲಾರ. ಐದು ಬಾಯಿ, ಒಂಬತ್ತು ಮೂಟೆ. ಸೊಸೆ ಯಾರನ್ನೂ ಕೇಳದೆ ಹೋಗಿ ದೊಡ್ಡಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಖಾಯಂ ಎಂದಿದ್ದರು. ಖಾಯಂ ಆದರೆ ಸಂಬಳ ಒಂದೂವರೆ ಪಟ್ಟು, ಜೊತೆಗೆ ಗಂಡನ ಬೆನ್ನಿನ ಚಿಕಿತ್ಸೆಯ ಖರ್ಚು ಹೊರುವ ಕಂಪನಿಯ ಚೀಟಿ. ಆ ಚೀಟಿಯ ಮೇಲೆಯೇ ಮನೆ ಕಣ್ಣಿಟ್ಟು ಕೂತಿತ್ತು. ಮಾವನ ಕಣ್ಣೂ ಅದರ ಮೇಲೆ ಇತ್ತು. ಬಾಯಿ ಮಾತ್ರ ಒಪ್ಪುತ್ತಿರಲಿಲ್ಲ.

ದೊಡ್ಡಂಗಡಿಯ ಒಳಗು ಹೇಗೆ ನಡೆಯುತ್ತದೆ ಎಂಬುದನ್ನು ಸೊಸೆಗೆ ಹೇಳಿಕೊಟ್ಟವನು ಅಲ್ಲಿಯ ಮೇಲ್ವಿಚಾರಕ. ಸೆಖೆಗಾಲದಲ್ಲೂ ಕೊರಳಪಟ್ಟಿ ಬಿಚ್ಚದ ಅವನನ್ನು ಹುಡುಗಿಯರು ಟೈ ಸಾರ್ ಎನ್ನುತ್ತಿದ್ದರು. ಕೆಟ್ಟವನಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದ. ಸಕ್ಕರೆ, ಹಾಲು, ಎಣ್ಣೆ ಯಾಕೆ ಕಟ್ಟಕಡೆಯ ಗೋಡೆಗೆ ಇವೆ? ಅವಿಲ್ಲದೆ ಯಾರಿಗೂ ನಡೆಯುವುದಿಲ್ಲ. ಅವನ್ನು ಹುಡುಕಿಕೊಂಡು ಬಂದವರು ಬೇಡದ್ದರ ನಡುವೆ ಹಾದು ಬರಲಿ. ಸಕ್ಕರೆ ಯಾಕೆ ಕೊಂಡ ಬೆಲೆಗಿಂತ ಕಡಿಮೆಗೆ? ಸಕ್ಕರೆಯಲ್ಲಿ ಕಳೆದದ್ದು ಸಾಬೂನಿನಲ್ಲಿ ಬರುತ್ತದೆ. ಕಣ್ಣಿನ ಎತ್ತರದ ಹಲಗೆಗೆ ಕಂಪನಿಗಳು ಬಾಡಿಗೆ ಕೊಡುತ್ತವೆ. ಅಗ್ಗದ್ದು ಪಾದದ ಬಳಿ, ಬಗ್ಗುವವರಿಗೆ. ಮಿಠಾಯಿ ಬಿಲ್ಲು ಹಾಕುವ ಸಾಲಿನ ಪಕ್ಕ, ಮಕ್ಕಳ ಮೂಗಿನ ಎತ್ತರಕ್ಕೆ. ಹಳೆಯ ಮಾಲು ಮುಂದೆ, ಹೊಸದು ಹಿಂದೆ. ಒಂದು ಡಬ್ಬ ಹೋದರೆ ಹಿಂದಿನದನ್ನು ಮುಂದಕ್ಕೆ ಎಳೆದು ನಿಲ್ಲಿಸಬೇಕು. ಹಲಗೆಯಲ್ಲಿ ತೂತು ಕಾಣಬಾರದು.

ಕೊನೆಯ ಮಾತು ಕೇಳಿ ಸೊಸೆಗೆ ಮಾವನ ಮೂಟೆಯ ಅಂಚು ನೆನಪಾಗಿ ನಗು ಬಂದಿತ್ತು. ಆ ಪಾಠ ಅವಳಿಗೆ ಹೊಸದಲ್ಲ.

ಅವಳಿಗೆ ಕೊಟ್ಟದ್ದು ಬಿಡಿ ಕಾಳುಗಳ ಮೂಲೆ. ಗಾಜಿನ ಮುಚ್ಚಳದ ದೊಡ್ಡ ಡಬ್ಬಗಳಲ್ಲಿ ಬೇಳೆ, ಅಕ್ಕಿ, ಕಾಳು. ಗಿರಾಕಿ ಕೇಳಿದಷ್ಟನ್ನು ಚೀಲಕ್ಕೆ ಸುರಿದು, ಯಂತ್ರದ ಮೇಲಿಟ್ಟು ಗುಂಡಿ ಒತ್ತಿದರೆ ತೂಕ, ಬೆಲೆ ಅಚ್ಚಾದ ಚೀಟಿ ಹೊರಗೆ ನಾಲಿಗೆ ಚಾಚುತ್ತದೆ. ಅದನ್ನು ಅಂಟಿಸಿ, ಚೀಲದ ಕೊರಳು ಕಟ್ಟಿ ಕೊಡಬೇಕು. ಅಷ್ಟೇ ಕೆಲಸ.

ಆದರೆ ಸೊಸೆಯ ಕೈ ಕಲಿತದ್ದು ಬೇರೆ ಕಡೆ. ಮದುವೆಯಾಗಿ ಬಂದ ಮೊದಲ ವಾರವೇ ಮಾವ ಅವಳನ್ನು ತಕ್ಕಡಿಯ ಮುಂದೆ ನಿಲ್ಲಿಸಿದ್ದರು. ತಕ್ಕಡಿ ಸಮ ನಿಂತ ಮೇಲೆ, ಗಿರಾಕಿ ಚೀಲ ಚಾಚಿದ ಮೇಲೆ, ಬಲಗೈಯ ಮೂರು ಬೆರಳು ಕೂಡಿಸಿ ಇನ್ನೊಂದಿಷ್ಟು ಎತ್ತಿ ಹಾಕಬೇಕು. ಅದು ಕೊಸರು. "ತೂಕ ಗಿರಾಕಿಗೆ, ಕೊಸರು ಅಂಗಡಿಗೆ," ಎಂದಿದ್ದರು ಆಗ. ಅವಳಿಗೆ ಅರ್ಥವಾಗಲಿಲ್ಲ. "ತೂಕದಷ್ಟೇ ಕೊಟ್ರೆ ಅವನು ಕೊಂಡ ಹಾಗಾಯ್ತಮ್ಮ. ಕೊಸರು ಹಾಕಿದ್ರೆ ನಾವು ಕೊಟ್ಟ ಹಾಗೆ. ಕೊಳ್ಳೋನು ಎಲ್ಲಿ ಬೇಕಾದ್ರೂ ಕೊಳ್ತಾನೆ. ಇಸ್ಕೊಂಡೋನು ಮಾತ್ರ ತಿರುಗಿ ಬರ್ತಾನೆ." ಬೀದಿಯಲ್ಲಿ ಮಾವನಿಗೆ ಕೊಸರುತಾತ ಎಂದೇ ಹೆಸರು. ಹನ್ನೊಂದು ವರ್ಷ ಆ ತಕ್ಕಡಿಯ ಮುಂದೆ ನಿಂತ ಸೊಸೆಯ ಮೂರು ಬೆರಳಿಗೆ ಈಗ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ದೊಡ್ಡಂಗಡಿಯಲ್ಲೂ ಚೀಟಿ ಅಂಟಿಸಿದ ಮೇಲೆ, ಕೊರಳು ಕಟ್ಟುವ ಮುಂಚೆ, ಕೈ ಡಬ್ಬಕ್ಕೆ ಹೋಗುತ್ತಿತ್ತು. ಮೊದಲ ವಾರ ಅವಳಿಗೆ ಅದು ಗೊತ್ತೇ ಆಗಲಿಲ್ಲ. ಗೊತ್ತಾದ ದಿನ ಬೆಚ್ಚಿ ಸುತ್ತ ನೋಡಿದಳು. ಯಾರೂ ನೋಡಿರಲಿಲ್ಲ, ಎದುರಿಗಿದ್ದ ಹೆಂಗಸು ಮಾತ್ರ ನೋಡಿ ನಕ್ಕಿದ್ದಳು. ಆ ನಗುವನ್ನು ಸೊಸೆ ಹನ್ನೊಂದು ವರ್ಷದಿಂದ ಬಲ್ಲಳು.

ಮೂರನೆಯ ತಿಂಗಳಿಗೆ ಬಿಡಿ ಕಾಳಿನ ಮುಂದೆ ಸಾಲು ನಿಲ್ಲತೊಡಗಿತು. ಬೇಳೆಗೆ ಬಂದವರು ಸಾಬೂನೂ ಕೊಂಡರು. ನಾಲ್ಕನೆಯ ತಿಂಗಳ ಕೊನೆಗೆ ಟೈ ಸಾರ್ ಅವಳ ಫೋಟೊ ತೆಗೆಸಿ ಬಾಗಿಲ ಪಕ್ಕದ ಗೋಡೆಗೆ ಹಾಕಿಸಿದ. ಕೆಳಗೆ 'ಈ ತಿಂಗಳ ನಗುಮುಖ' ಎಂದು ಬರೆದಿತ್ತು.

"ಸೇಲ್ ಹೇಗೆ ಏರ್ತಿದೆ ನೋಡಿ," ಎಂದ ಅವನು ಎಲ್ಲರ ಎದುರಿಗೆ. "ನಿಮ್ಮ ಗುಟ್ಟೇನು, ಹೇಳಿ."

"ಏನಿಲ್ಲ ಸಾರ್," ಎಂದಳು. ಆಗ ಅವಳು ನಿಜವನ್ನೇ ಹೇಳಿದೆನೆಂದುಕೊಂಡಿದ್ದಳು.

ಫೋಟೊ ನೋಡಲು ಅತ್ತೆ ಪುಟ್ಟಿಯನ್ನು ಕರೆದುಕೊಂಡು ಹೋಗಿ ಬಂದರು. "ಮುಖ ಚೆನ್ನಾಗೇ ಬಂದಿದೆ," ಎಂದರು ಅನ್ನ ಬಡಿಸುತ್ತ. "ಮನೇಲಿ ಇಷ್ಟು ಹಲ್ಲು ಬಿಟ್ಟಿದ್ದು ನಾನು ನೋಡಿಲ್ಲ."

"ಮನೇಲಿ ಫೋಟೊ ತೆಗೆಯೋರು ಯಾರಿದಾರೆ ಅತ್ತೆ?"

ಗಂಡ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ಊಟ ಮಾಡುತ್ತಿದ್ದ. "ಇನ್ನೊಂದೂವರೆ ತಿಂಗಳು," ಎಂದ. "ಆಮೇಲೆ ಚೀಟಿ. ಡಾಕ್ಟ್ರು ಹೇಳಿದಾರೆ, ಚಿಕಿತ್ಸೆ ಸುರು ಮಾಡಿದ್ರೆ ಆರು ತಿಂಗಳಲ್ಲಿ ಮೂಟೆ ಎತ್ತಬಹುದು ಅಂತ."

"ಎತ್ತೋಕೆ ಮೂಟೆ ಇರಬೇಕಲ್ಲ," ಎಂದರು ಮಾವ, ಯಾರಿಗೂ ಹೇಳದವರಂತೆ.

ಮಾರನೆಯ ವಾರ ಹೊಲಿಗೆಯಮ್ಮ ಅಂಗಡಿಗೆ ಬಂದಳು. ಬೀದಿಯ ಕೊನೆಯ ಮನೆಯವಳು. ಇಪ್ಪತ್ತು ವರ್ಷದಿಂದ ಅವಳ ಮನೆಯ ಬೇಳೆಯೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದು. ಆವತ್ತು ಕೇಳಿದ್ದು ಒಂದು ಬೆಂಕಿಪೊಟ್ಟಣ. ಸೊಸೆ ಆಗಷ್ಟೇ ಕೆಲಸ ಮುಗಿಸಿ ಬಂದು ಹಿತ್ತಿಲ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಮಾತು ಸ್ಪಷ್ಟವಾಗಿ ಕೇಳಿಸಿತು.

"ಬೇಳೆ ಬೇಡ್ವಾ?" ಮಾವ ಕೇಳಿದರು. "ಹೋದ ತಿಂಗಳೂ ಒಯ್ಯಲಿಲ್ಲ."

"ಇದೆ ಮನೇಲಿ." ಹೊಲಿಗೆಯಮ್ಮ ಬೆಂಕಿಪೊಟ್ಟಣದ ಕಾಸು ಎಣಿಸಿಟ್ಟಳು. "ನಿಮ್ಮ ಹತ್ರ ಯಾಕೆ ಮುಚ್ಚಿಡಲಿ. ಅಲ್ಲೇ ತರ್ತಿದೀನಿ, ನಿಮ್ಮ ಸೊಸೆ ಹತ್ರ. ಮೊದಲು ಅಲ್ಲಿಗೆ ಹೋಗೋಕೆ ಮನಸ್ಸೇ ಇರಲಿಲ್ಲ. ಏನಿದ್ರೂ ಮಿಷನ್ನು, ಒಂದು ಕಾಳು ಹೆಚ್ಚು ಬೀಳಲ್ಲ ಅಂತಿದ್ರು. ಈಗ ನೋಡಿ, ಥೇಟ್ ನಿಮ್ಮ ಕೈನೇ. ಅದೇ ಮೂರು ಬೆರಳು. ಅಲ್ಲೇ ಕೊಸರು ಸಿಗೋ ಹಾಗಿದ್ಮೇಲೆ, ಸಕ್ಕರೆನೂ ಅಗ್ಗ, ಎಲ್ಲಾ ಒಂದೇ ಕಡೆ ಆಯ್ತು. ನಮ್ಮ ಬೀದಿಯೋರೆಲ್ಲ ಅವಳ ಹತ್ರನೇ ನಿಲ್ಲೋದು. ನೀವು ಹೆಮ್ಮೆಪಡಬೇಕು."

ಮಾವ ಬೆಂಕಿಪೊಟ್ಟಣ ಕೊಟ್ಟರು. ಬೆಂಕಿಪೊಟ್ಟಣಕ್ಕೆ ಕೊಸರು ಹಾಕಲು ಬರುವುದಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವರು ಪುಟ್ಟಿಯನ್ನು ಕರೆಯಲಿಲ್ಲ. ಐದು ತಿಂಗಳಲ್ಲಿ ಮೊದಲ ಬಾರಿಗೆ ನೇರವಾಗಿ ಸೊಸೆಯ ಮುಖ ನೋಡಿದರು.

"ಅಲ್ಲಿ ಕೊಸರು ಕೊಡ್ತೀಯಂತೆ."

ಸೊಸೆಯ ತುತ್ತು ಕೈಯಲ್ಲೇ ನಿಂತಿತು. "ಕೈ ಹೋಗುತ್ತೆ ಮಾವ. ನಾನು ಬೇಕು ಅಂತ ಮಾಡಲ್ಲ."

"ನಾನು ಕೊಡೋದು ನನ್ನ ಮೂಟೆಯಿಂದ. ನೀನು ಯಾರ ಮೂಟೆಯಿಂದ ಕೊಡ್ತಿದೀಯ?"

"ಮೂರು ಬೆರಳಷ್ಟು ಕಾಳು. ಅಲ್ಲಿ ಗುಡಿಸಿ ಬಿಸಾಡೋದು ಅದಕ್ಕಿಂತ ಹೆಚ್ಚು."

"ಬಿಸಾಡೋದು ಅವರ ಇಷ್ಟ. ಅವರ ಮಾಲು."

"ಅಪ್ಪ, ಬಿಡಿ ಅದನ್ನ," ಎಂದ ಗಂಡ. "ಕಲಿಸಿದೋರು ನೀವೇ ತಾನೆ?"

"ಕಲಿಸಿದ್ದು ಈ ಅಂಗಡಿಗೆ. ನನ್ನ ಗಿರಾಕಿಗಳನ್ನ ಎಳ್ಕೊಂಡು ಹೋಗೋಕೆ ಆ ಸಕ್ಕರೆ ಕೈಲಿ ಆಗಿರಲಿಲ್ಲ, ಆ ದೀಪ, ಆ ಗಾಜು, ಯಾವುದರ ಕೈಲೂ ಆಗಿರಲಿಲ್ಲ. ನನ್ನ ಕೈನೇ ಒಯ್ದು ಅಲ್ಲಿಟ್ಟಳು. ಇನ್ನು ಇಲ್ಲಿಗೆ ಯಾಕೆ ಬರ್ತಾರೆ?"

ಅತ್ತೆ ಪಾತ್ರೆಯ ತಳ ಕೆರೆದು ಉಳಿದ ಬೇಳೆಯನ್ನು ಮಾವನ ತಟ್ಟೆಗೇ ಹಾಕಿದರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಲೋಕದಲ್ಲಿ," ಎಂದರು. "ನಮ್ಮನೇಲಿ ಮಾತ್ರ ಕೈ ಕೊಸರು, ಬಾಯಿ ಕೆಸರು."

ಮರುದಿನದಿಂದ ಸೊಸೆ ಕೈ ಕಟ್ಟಿದಳು. ಅಕ್ಷರಶಃ, ಚೀಟಿ ಅಂಟಿಸಿದೊಡನೆ ಬಲಗೈಯನ್ನು ಅಂಗಿಯ ಜೇಬಿಗೆ ಇಳಿಸಿ, ಎಡಗೈಯಿಂದಲೇ ಚೀಲದ ಕೊರಳು ಹಿಡಿದಳು. ಹೆಂಗಸರು ಚೀಲ ಇಸಕೊಳ್ಳಲಿಲ್ಲ. ಡಬ್ಬವನ್ನೂ ಅವಳ ಜೇಬನ್ನೂ ನೋಡುತ್ತ ನಿಂತರು.

"ಏನಮ್ಮ, ಕೈಗೇನಾಯ್ತು?" ಒಬ್ಬಳು ಕೇಳಿದಳು.

"ಏನಿಲ್ಲ. ತೂಕ ಸರಿಯಾಗಿದೆ."

"ತೂಕ ಸರಿ ಇದೆ, ಯಾರು ಇಲ್ಲ ಅಂದ್ರು. ಫೋಟೊ ಹಾಕಿಸ್ಕೊಂಡ ಮೇಲೆ ಕೈ ಬಿಗಿ ಆಯ್ತು ಅಷ್ಟೇ."

ಹಿಂದೆ ನಿಂತವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಸಾಲು ಅರ್ಧವಾಯಿತು. ಮೂರನೆಯ ದಿನ ಟೈ ಸಾರ್ ಬಂದು, "ಯಾಕೆ, ಬಿಡಿ ಕಾಳು ಬಿದ್ದೋಗಿದೆಯಲ್ಲ? ಖಾಯಂ ಪಟ್ಟಿ ಮೇಲಕ್ಕೆ ಕಳಿಸೋ ಹೊತ್ತು, ನೋಡ್ಕೊಳಿ," ಎಂದು ಹೋದ. ಕೊಟ್ಟರೆ ಮಾವನ ಮಾತು, ಕೊಡದಿದ್ದರೆ ಪಟ್ಟಿ. ನಾಲ್ಕನೆಯ ದಿನ ಹೊಲಿಗೆಯಮ್ಮ ಬಂದು ಚೀಲ ಚಾಚಿದಾಗ ಬಲಗೈ ಜೇಬಿನಿಂದ ತಾನಾಗಿಯೇ ಎದ್ದು ಬಂತು. ಸೊಸೆ ಅದನ್ನು ನೋಡಿದಳು. ತಡೆಯಲಿಲ್ಲ.

ಆರು ತಿಂಗಳು ತುಂಬಲು ಹನ್ನೊಂದು ದಿನ ಉಳಿದಿದ್ದಾಗ ಸ್ಟಾಕ್ ಎಣಿಕೆ ಬಂತು. ಬೇರೆ ಊರಿನಿಂದ ನಾಲ್ಕು ಜನ ಬಂದು, ಒಂದು ದಿನ ಅಂಗಡಿ ಮುಚ್ಚಿಸಿ, ಸಾಬೂನಿನಿಂದ ಸೂಜಿಯವರೆಗೆ ಎಣಿಸಿದರು. ಬಿಡಿ ಕಾಳನ್ನು ಡಬ್ಬದಿಂದ ಸುರಿದು ತೂಗಿದರು. ಎರಡು ದಿನದ ಮೇಲೆ ಟೈ ಸಾರ್ ಸೊಸೆಯನ್ನು ಹಿಂದಿನ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

"ಇದು ಬಂದಿರೋ ಬೇಳೆ. ಇದು ಬಿಲ್ಲಾಗಿರೋದು. ಇದು ಡಬ್ಬದಲ್ಲಿ ಸಿಕ್ಕಿದ್ದು. ಚೆಲ್ಲೋದು, ಹುಳ ಬೀಳೋದು ಅಂತ ಕಂಪನಿ ಬಿಡೋ ಪಾಲನ್ನೂ ಕಳೆದಿದೀನಿ. ಆದ್ರೂ ನಲವತ್ತೊಂದು ಕಿಲೋ ಆರುನೂರು ಗ್ರಾಂ ಇಲ್ಲ. ಎಲ್ಲಿ ಹೋಯ್ತು?"

ಸೊಸೆ ಅಂಕಿ ನೋಡಿದಳು. ಮೂರು ಬೆರಳು ಕೂಡಿಸಿ ಎತ್ತಿದರೆ ಎಷ್ಟು ಬರುತ್ತದೆಂದು ಅವಳು ಎಂದೂ ತೂಗಿರಲಿಲ್ಲ. ತೂಗಿದರೆ ಅದು ಕೊಸರಾಗುವುದಿಲ್ಲ.

"ಕೊಸರು ಸಾರ್."

ಟೈ ಸಾರ್ ಪರದೆಯಿಂದ ಕಣ್ಣು ತೆಗೆದ. "ನಮ್ಮಜ್ಜಿನೂ ಜಗಳ ಆಡಿ ಇಸ್ಕೊಳ್ತಿದ್ದಳು," ಎಂದ. "ಇಲ್ಲಿ ಯಾಕೆ ಕೊಟ್ರಿ?"

"ನಮ್ಮನೇಲಿ ಅಂಗಡಿ ಇದೆ ಸಾರ್. ಅಲ್ಲಿನ ಅಭ್ಯಾಸ. ಇದರಿಂದ ಜನ ಬಂದ್ರಲ್ಲ. ನೀವೇ ಫೋಟೊ ಹಾಕಿಸಿದ್ರಿ."

"ಬಂದ್ರು. ಅದು ಸೇಲ್‌ನ ಕಾಗದ. ಇದು ಕೊರತೆಯ ಕಾಗದ. ಎರಡೂ ಬೇರೆ ಬೇರೆ ಕಡೆ ಹೋಗುತ್ತೆ." ಅವನು ಒಂದು ನಮೂನೆಯನ್ನು ಎದುರಿಗಿಟ್ಟ. "ಇಲ್ಲಿ ಕೊರತೆಗೆ ಮೂರೇ ಕಾಲಂ ಇರೋದು. ಒಡೆದದ್ದು, ಕೆಟ್ಟದ್ದು, ಕಳುವಾದದ್ದು. ಕೊಟ್ಟದ್ದು ಅಂತ ಕಾಲಂ ಇಲ್ಲ."

"ಒಡೆದದ್ದು ಅಂತ ಬರೀರಿ ಸಾರ್."

"ಬೇಳೆ ಒಡೆಯುತ್ತೇನಮ್ಮ?"

"ಬೇಳೆ ಅಂದ್ರೇನೇ ಒಡೆದಿದ್ದು ಸಾರ್."

ಅವನ ತುಟಿ ಒಂದು ಕ್ಷಣ ನಗಲು ಹೋಯಿತು. ಕೈ ಮಾತ್ರ ಮೂರನೆಯ ಕಾಲಮ್ಮಿನ ಮೇಲೆಯೇ ಇತ್ತು. "ನಾನು ಬರೀದಿದ್ರೆ ಈ ನಲವತ್ತೊಂದು ಕಿಲೋ ನನ್ನ ತಲೆ ಮೇಲೆ ಬರುತ್ತೆ. ನನಗೂ ಮನೆ ಇದೆ. ಈ ತಿಂಗಳ ಸಂಬಳ ಹಿಡೀತಾರೆ. ಪೊಲೀಸು ಗಿಲೀಸು ಏನೂ ಇಲ್ಲ, ಅಷ್ಟು ನಾನು ನೋಡ್ಕೊಂಡಿದೀನಿ. ಸಹಿ ಹಾಕಿ."

ಸೊಸೆ ಸಹಿ ಹಾಕಿದಳು. ಅದೇ ಮೂರು ಬೆರಳಿನಿಂದ. ಹಸಿರು ಅಂಗಿಯನ್ನು ಬಿಚ್ಚಿ ಮಡಿಸಿ ಕೊಟ್ಟು ಹೊರಗೆ ಬರುವಾಗ ಗೋಡೆಯ ಮೇಲೆ ಫೋಟೊ ಇದ್ದ ಕಡೆ ನಾಲ್ಕು ಅಂಟಿನ ಕಲೆ ಇದ್ದವು.

ಮನೆಗೆ ಮಧ್ಯಾಹ್ನವೇ ಬಂದಳು, ಅಂಗಡಿಯ ಮುಂಬಾಗಿಲಿನಿಂದ. ಅವಳ ಮೈಮೇಲೆ ಹಸಿರು ಅಂಗಿ ಇಲ್ಲದ್ದನ್ನು ನೋಡಿ ಮಾವ ತಕ್ಕಡಿಯ ತಟ್ಟೆ ಕೆಳಗಿಟ್ಟರು.

ಕೇಳಿ ಮುಗಿದ ಮೇಲೆ ಮೊದಲು ಸಿಡಿದವನು ಗಂಡ. "ಒಂಬತ್ತು ದಿನ. ಒಂಬತ್ತೇ ದಿನ ಕೈ ಹಿಡ್ಕೊಂಡಿರೋಕೆ ಆಗಲಿಲ್ವಾ ನಿನಗೆ? ನಾನು ಹೀಗೇ ಗೋಡೆಗೆ ಆನಿಕೊಂಡು ಸಾಯ್ಬೇಕಾ?"

"ಸಾಲು ಕರಗಿದ್ರೆ ಪಟ್ಟಿಯಿಂದ ತೆಗೀತಿದ್ರು. ಕೊಟ್ರೂ ಹೋಯ್ತು, ಬಿಟ್ರೂ ಹೋಗ್ತಿತ್ತು."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದ ಗಂಡ.

"ಅವಳಿಗೆ ಯಾಕೋ ಅಂತೀಯ," ಅತ್ತೆ ಒಲೆಯ ಮುಂದಿನಿಂದಲೇ ಅಂದರು. "ಆ ಮಾರಿನ ಈ ಮನೇಲಿ ಸಾಕಿದೋರು ಬೇರೆ. ತಕ್ಕಡಿ ಹಿಂದೆ ಕೂತಿದಾರೆ ನೋಡು."

ಮಾವ ಕೇಳಿದ್ದು ಒಂದೇ ಮಾತು: "ಯಾವ ಕಾಲಂ ಅಂದೆ?"

"ಕಳುವು."

"ಕಳುವು," ಎಂದರು ಅವರು.

ಮರುದಿನ ಬೆಳಗ್ಗೆ ಸೊಸೆ ಅಂಗಡಿಗೆ ಬಂದಾಗ ಮಾವ ಬೇಳೆಯ ಮೂಟೆಯ ಮುಂದೆ ನಿಂತು ತೂಗುತ್ತಿದ್ದರು. ಹತ್ತು ಕಿಲೋದ ಕಲ್ಲಿಟ್ಟು ನಾಲ್ಕು ಸಲ. ಆಮೇಲೆ ಒಂದು ಕಿಲೋ. ಆಮೇಲೆ ಐನೂರು, ನೂರು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನೋಡಿ, ಚೀಲಕ್ಕೆ ಸುರಿದರು. ಮೂಟೆಯ ತಳ ಕಂಡಿತು. ಚೀಲದ ಬಾಯಿ ಹೊಲಿಯುವ ಮುಂಚೆ ಮೂರು ಬೆರಳು ಕೂಡಿಸಿ, ತಳದಲ್ಲಿ ಉಳಿದದ್ದರಿಂದ ಒಂದಿಷ್ಟು ಎತ್ತಿ ಹಾಕಿದರು.

"ಮಾವ, ಸಂಬಳ ಹಿಡಿದಾಗಿದೆ. ಅವರಿಗೆ ಇನ್ನೇನೂ ಕೊಡೋದಿಲ್ಲ ನಾವು."

"ಅವರು ಹಿಡಿದದ್ದು ನಿನ್ನ ಬೆವರು. ಹೋಗಿದ್ದು ಕಾಳು. ಕಾಳಿಗೆ ಕಾಳು ಕೊಟ್ಟು ಆ ಅಕ್ಷರ ಹೊಡೆಸ್ಕೊಂಡು ಬರಬೇಕು."

"ಹೊಡೆಯಲ್ಲ ಮಾವ."

"ವ್ಯಾಪಾರಸ್ಥರು ತಾನೆ ಅವರೂ. ತಳ್ಳು ನಡಿ."

ತಳ್ಳುಗಾಡಿ ಹಳೆಯದು, ಒಂದು ಚಕ್ರ ಪ್ರತಿ ಸುತ್ತಿಗೂ ಅಳುತ್ತಿತ್ತು. ಗಂಡ ಬಾಗಿಲವರೆಗೆ ಬಂದು, ಗೋಡೆ ಹಿಡಿದು ನಿಂತು ನೋಡಿದ. ಮುದುಕ ಮುಂದೆ ಎಳೆದು, ಸೊಸೆ ಹಿಂದಿನಿಂದ ತಳ್ಳಿ, ಬಿಸಿಲೇರುವ ಹೊತ್ತಿಗೆ ಗಿರಣಿಯ ಬಯಲು ಮುಟ್ಟಿದರು. ಮುಂಬಾಗಿಲ ಕಾವಲುಗಾರ ಸೊಸೆಯ ಗುರುತು ಹಿಡಿದು ಮುಖ ಬೇರೆ ಕಡೆ ತಿರುಗಿಸಿದ. "ಮಾಲು ಹಿಂದಿನ ಗೇಟಿಗೆ," ಎಂದ. ಹಿಂದಿನ ಗೇಟಿನವನು ಚೀಟಿ ಕೇಳಿದ.

"ಎಂಥ ಚೀಟಿ?"

"ಆರ್ಡರ್ ಚೀಟಿ. ನಂಬರು ಇಲ್ದೆ ಒಂದು ಕಡ್ಡಿನೂ ಒಳಗೆ ಹೋಗಲ್ಲ."

"ನಾನು ಮಾರೋಕೆ ಬಂದಿಲ್ಲಪ್ಪ. ತೀರಿಸೋಕೆ ಬಂದಿರೋದು."

ಗೇಟಿನವನು ನಕ್ಕ. "ಯಜಮಾನ್ರೆ, ನಿಮ್ಮ ಬೇಳೆ ಇಲ್ಲಿ ಬೇಯಲ್ಲ. ಹೊರಡಿ."

ಸುದ್ದಿ ಹೋಗಿ ಟೈ ಸಾರ್ ಬಂದ. ಮಾವ ಚೀಲದ ಮೇಲೆ ಕೈಯಿಟ್ಟು ಹೇಳಿದರು: "ನಲವತ್ತೊಂದು ಕಿಲೋ ಆರುನೂರು. ನಿಮ್ಮ ಮಿಷನ್ ಮೇಲಿಟ್ಟು ನೋಡಿ, ಹೆಚ್ಚೇ ಬರುತ್ತೆ. ನಿಮ್ಮದಕ್ಕಿಂತ ಒಳ್ಳೇ ಮಾಲು. ತಗೊಂಡು, ಆ ಕಾಗದದಲ್ಲಿ ಕಳುವು ಅಂತ ಇರೋದನ್ನ ಹೊಡೆದು ಹಾಕಿ. ತಪ್ಪು ಅಂತ ಬರೀರಿ, ಬೇಡ ಅನ್ನಲ್ಲ."

ಟೈ ಸಾರ್ ಚೀಲವನ್ನು ನೋಡಿದ, ತಳ್ಳುಗಾಡಿಯನ್ನು ನೋಡಿದ. "ತಾತ, ಇದನ್ನ ಒಳಗೆ ತಗೊಂಡ್ರೆ ಮುಂದಿನ ಎಣಿಕೇಲಿ ಇಷ್ಟು ಹೆಚ್ಚು ಬರುತ್ತೆ. ಕಮ್ಮಿ ಬಂದ್ರೆ ಎಲ್ಲಿ ಹೋಯ್ತು ಅಂತಾರೆ, ಹೆಚ್ಚು ಬಂದ್ರೆ ಎಲ್ಲಿಂದ ಬಂತು ಅಂತಾರೆ. ಎರಡೂ ತಪ್ಪೇ. ಕಾಗದ ಮೇಲಕ್ಕೆ ಹೋಗಿಯಾಯ್ತು."

"ಮೇಲಕ್ಕೆ ಅಂದ್ರೆ ಎಲ್ಲಿಗೆ? ಅಲ್ಲಿಗೇ ತಳ್ಕೊಂಡು ಹೋಗ್ತೀನಿ."

"ನನಗೂ ಗೊತ್ತಿಲ್ಲ ತಾತ," ಎಂದ ಅವನು. ಅದು ಸುಳ್ಳಿರಲಿಲ್ಲ. "ಬಿಸಿಲು. ನೀರು ಕುಡಿದು ಹೋಗಿ."

ಮಾವ ನೀರು ಕುಡಿಯಲಿಲ್ಲ. ಗೇಟಿನ ಸಂದಿಯಿಂದ ಬಿಡಿ ಕಾಳಿನ ಮೂಲೆ ಕಾಣುತ್ತಿತ್ತು. ಅಲ್ಲಿ ಹೊಸ ಹುಡುಗಿಯೊಬ್ಬಳು ನಿಂತಿದ್ದಳು. ಚೀಟಿ ಅಂಟಿಸಿ, ಕೊರಳು ಕಟ್ಟಿ, ಕೊಟ್ಟಳು. ಚೀಲ ಇಸಕೊಂಡ ಹೊಲಿಗೆಯಮ್ಮ ಒಂದು ಕ್ಷಣ ನಿಂತು, ಆಮೇಲೆ ಸಕ್ಕರೆಯ ಕಡೆಗೆ ನಡೆದಳು. ಸೊಸೆ ಅದನ್ನು ನೋಡಿದಳು, ಮಾವನೂ ನೋಡಿದರು. ಇಬ್ಬರೂ ಗಾಡಿ ತಿರುಗಿಸಿದರು.

ಚೀಲವನ್ನು ಅಂಗಡಿಯ ಮೂಲೆಯಲ್ಲಿ, ಹಲಗೆಯ ಮೇಲೆ ಇಳಿಸಿದರು. "ಇದನ್ನ ಯಾರೂ ಮುಟ್ಟಬೇಡಿ," ಎಂದರು ಮಾವ. "ಇದು ನಮ್ಮದಲ್ಲ. ತೂಗಿ ಕೊಟ್ಟಾಗಿದೆ. ಅವರು ಒಯ್ದಿಲ್ಲ ಅಷ್ಟೇ."

ಗಿರಾಕಿಗಳು ತಿರುಗಿ ಬರಲಿಲ್ಲ. ಕೊಸರು ಇಲ್ಲದಿದ್ದರೂ ಅಲ್ಲಿ ತಣ್ಣಗಿತ್ತು, ಬೆಳಕಿತ್ತು, ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಆರು ತಿಂಗಳಲ್ಲಿ ಕಾಲಿಗೆ ದಾರಿ ರೂಢಿಯಾಗಿತ್ತು. ಸೊಸೆ ಇನ್ನೆರಡು ಅಂಗಡಿಗಳಲ್ಲಿ ಕೆಲಸ ಕೇಳಿದಳು. ಹಿಂದಿನ ಕೆಲಸದ ಕಾಗದ ತನ್ನಿ ಎಂದರು. ಅವಳು ಮತ್ತೆ ಹೋಗಲಿಲ್ಲ. ಕೊನೆಗೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನಗೂಲಿಗೆ ಈರುಳ್ಳಿ ಹೆಚ್ಚಿ, ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಗಂಡ ಚಿಕಿತ್ಸೆಯ ಮಾತೆತ್ತುವುದನ್ನು ಬಿಟ್ಟ. ಬಹುಪಾಲು ಎಲ್ಲ ಮಾತನ್ನೂ ಬಿಟ್ಟ.

ಹೊಲಗಳಲ್ಲಿ ಉಳುಮೆ ಸುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಮೂರು ಮೂಟೆ ಉಳಿದಿದ್ದವು. ಪಕ್ಕದೂರಿನ ವ್ಯಾಪಾರಿ ಬಂದು ಅವನ್ನೂ, ತಕ್ಕಡಿಯನ್ನೂ, ಕಲ್ಲುಗಳನ್ನೂ ಒಟ್ಟಿಗೆ ಮಾತಾಡಿ ಕೊಂಡ. ಮೂಲೆಯ ಚೀಲ ತೋರಿಸಿ, "ಅದು?" ಎಂದ. "ಅದು ಬೇರೆಯವರದು," ಎಂದರು ಮಾವ. ಮೊಬೈಲ್ ರಿಪೇರಿಯವನೊಬ್ಬ ಅಂಗಡಿಯ ಕೋಣೆಯನ್ನು ಅಳೆದುಕೊಂಡು ಹೋದ. ಚೀಲದ ಹೊಲಿಗೆಯ ಸಂದಿಯಿಂದ ನುಸಿ ಒಂದೊಂದಾಗಿ ಹೊರಬಂದು ಗೋಡೆ ಹತ್ತುತ್ತಿದ್ದವು. ಸೊಸೆ ಗುಡಿಸುವಾಗ ದಿನವೂ ನೋಡುತ್ತಿದ್ದಳು. ಮಾವನೂ ನೋಡುತ್ತಿದ್ದರು.

ಹಾಸ್ಟೆಲಿಗೆ ರಜೆ ಬಿತ್ತು. ಹನ್ನೆರಡು ದಿನ ಕೂಲಿ ಇಲ್ಲ. ಆರನೆಯ ದಿನ ಸೊಸೆ ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದಾಗ ಅತ್ತೆ ಎದ್ದರು. ಕತ್ತರಿ ಹುಡುಕಿ ತೆಗೆದುಕೊಂಡು ಅಂಗಡಿಯ ಕೋಣೆಗೆ ಹೋದರು. ಮಾವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಹೊಲಿಗೆ ಕತ್ತರಿಸುವ ಸದ್ದು ಕೇಳಿಸುವಷ್ಟು ಹತ್ತಿರವೇ.

"ಅತ್ತೆ," ಎಂದಳು ಸೊಸೆ ಮೆಲ್ಲಗೆ.

"ನುಸಿಗಿಂತ ಕಡೆಯಾಗಿ ಹೋದ್ವಾ ನಾವು?" ಎಂದರು ಅತ್ತೆ. ಮೊರ ತುಂಬ ಬೇಳೆ ತಂದು, ಕೇರಿ, ಹುಳ ಆರಿಸಿ, ನಾಲ್ಕು ನೀರಿನಲ್ಲಿ ತೊಳೆದು ಒಲೆಗಿಟ್ಟರು. ಹಳೆಯ ಬೇಳೆ, ಬೇಯಲು ತುಂಬ ಹೊತ್ತು ಹಿಡಿಯಿತು.

ಐವರೂ ಊಟಕ್ಕೆ ಕೂತರು. ಪುಟ್ಟಿ ಎರಡು ಸಲ ಹಾಕಿಸಿಕೊಂಡಳು. ಮಾವ ತಟ್ಟೆಯನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದರು. ಅದು ಯಾವ ಮೂಟೆಯ ಬೇಳೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಕಲಸಿ ತಿಂದರು. ಒಂದು ಕಾಳೂ ಬಿಡದೆ ತಿಂದರು.

ಸೊಸೆ ಪಾತ್ರೆಯಿಂದ ಇನ್ನೊಂದು ಸೌಟು ಎತ್ತಿ ಅವರ ತಟ್ಟೆಯ ಕಡೆಗೆ ಚಾಚಿದಳು. ಮಾವ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ತೂಕ ಆಯ್ತಮ್ಮ," ಎಂದರು. "ಕೊಸರು ಬೇಡ."